ಪಾಸ್ಟರು ಮಲಗಿದ್ದಾರೆ

ಸದ್ದು ಮಾಡಬೇಡಿ.
ಒಳಗೆ ಕೆಸರು ತಂದರೂ ಒರೆಸಿಯೇನು,
ಮಾತು ತರಬೇಡಿ.
ಪಾಸ್ಟರು ಮಲಗಿದ್ದಾರೆ.

ನಾನು ಅವರ ಸಭೆಯವಳಲ್ಲ.
ಒಣಮೀನು ಮಾರುವ ಹಿಲಾರಿಯಾ,
ಕೊರಳಲ್ಲಿ ಮೇರಿಮಾತೆಯ ಪದಕ.
ಹದಿನಾಲ್ಕು ವರ್ಷ ಈ ಮನುಷ್ಯನ ಜೊತೆ
ಸಂತರ ಮೂರ್ತಿ ಬೇಕೋ ಬೇಡವೋ ಅಂತ
ತಕ್ಕಡಿ ಎತ್ತಿಹಿಡಿದೇ ಜಗಳವಾಡಿದ್ದೇನೆ.
ನಾನು ಸೋತಿಲ್ಲ. ಅವರೂ ಸೋತಿಲ್ಲ.
ಮೀನು ಮಾತ್ರ ತೂಕಕ್ಕಿಂತ ಒಂದು ಹೆಚ್ಚೇ ಹೋಗುತ್ತಿತ್ತು.

ಆಮೇಲೆ ಆ ಗಾಳಿ.
ಸಮಾರ್ ದ್ವೀಪದ ಈ ಮೂಡಣ ದಂಡೆಯ ತೆಂಗಷ್ಟೂ
ಒಂದೇ ದಿಕ್ಕಿಗೆ ಮಲಗಿದವು,
ಯಾರೋ ಎಣ್ಣೆ ಹಚ್ಚಿ ಬಾಚಿದ ಹಾಗೆ.
ನಮ್ಮ ಇಗರ್ಜಿಯ ಗಂಟೆ ಗದ್ದೆಯಲ್ಲಿ ಸಿಕ್ಕಿತು,
ಅವರ ತಗಡಿನ ಶಿಲುಬೆ ನಮ್ಮ ಇಗರ್ಜಿಯಂಗಳದಲ್ಲಿ.
ಜಗಳಕ್ಕೆ ಅದೊಂದೇ ಸಾಕಿತ್ತು.
ಆಡಲಿಲ್ಲ.

ನಮ್ಮ ಪಾದ್ರಿ ಹೊಳೆಯಾಚೆ. ಹೊಳೆಗೆ ಸೇತುವೆಯಿಲ್ಲ.
ನನ್ನ ಫೆರ್ಮಿನನನ್ನು ಮಣ್ಣು ಮಾಡಿದ್ದು ಇವರೇ.
ಜಪಮಾಲೆಯನ್ನು ಅವನ ಬೆರಳಿಗೆ ಸುತ್ತಿಕೊಟ್ಟರು,
ಬೇಡ ಬೇಡ ಎಂದು ಆಡುತ್ತಿದ್ದ ಅದೇ ಕೈಯಿಂದ,
ಗಂಟು ಸಡಿಲವಾಯಿತೆಂದು ಬಿಚ್ಚಿ, ಮತ್ತೆ ಸುತ್ತಿದರು.

ಮೂವತ್ತೊಂದರವರೆಗೆ ಗುಂಡಿ ಎಣಿಸಿದೆ,
ಆಮೇಲೆ ಬಿಟ್ಟೆ.
ಅವರು ಬಿಡುವ ಹಾಗಿರಲಿಲ್ಲ.
ಬೆಳಿಗ್ಗೆ ಹೆಣ, ಮಧ್ಯಾಹ್ನ ಅಕ್ಕಿಯ ಪಟ್ಟಿ,
ಪಟ್ಟಿಯಲ್ಲಿ ಹೆಸರು ಬಿಟ್ಟವರ ಬೈಗುಳ,
ರಾತ್ರಿ ಟಾರ್ಪಾಲಿನಡಿ ಒಬ್ಬೊಬ್ಬರದೂ ಅದೇ ಪ್ರಶ್ನೆ:
ದೇವರು ಎಲ್ಲಿದ್ದ?
ಎಲ್ಲರೂ ತಮ್ಮ ಕತ್ತಲನ್ನು ತಂದು ಅವರ ಕಿವಿಗೆ ಸುರಿದರು,
ಕಿವಿಗೂ ಒಂದು ತಳ ಇರುತ್ತದೆಂದು ಯಾರಿಗೂ ಹೊಳೆಯಲಿಲ್ಲ.
ನನಗೂ ಹೊಳೆಯಲಿಲ್ಲ. ನಾನೂ ಸುರಿದೆ.
ಅವರ ಸ್ವಂತ ತಮ್ಮ ಇನ್ನೂ ಸಿಕ್ಕಿಲ್ಲ ಎಂಬುದು
ನನಗೆ ತಿಳಿದದ್ದು ಐದನೇ ವಾರ,
ಅದೂ ಬೇರೆಯವರಿಂದ.

ಮೊನ್ನೆ ಒಂದು ಪುಟ್ಟ ಪೆಟ್ಟಿಗೆ.
ಹೆಸರು ಹೇಳುವಲ್ಲಿ ನಿಂತುಬಿಟ್ಟರು.
ತಾವೇ ನೀರು ಚಿಮುಕಿಸಿ ಇಟ್ಟ ಹೆಸರು,
ಬಾಯಿಗೆ ಬರಲಿಲ್ಲ.
ಕುಕ್ಕರಿಸಿ, ಆಗಲೇ ಇಳಿದಿದ್ದ ಮೊಳೆಗೆ
ಮತ್ತೆ ಮತ್ತೆ ಸುತ್ತಿಗೆ ಹೊಡೆಯತೊಡಗಿದರು.
ನಾನು ಸುತ್ತಿಗೆ ಕಸಿದುಕೊಂಡೆ.
ಏನು ಹೇಳಲಿ? ನನಗೆ ಯಾವ ಉಪದೇಶ ಬರುತ್ತದೆ?
"ಊಟ ಆಯ್ತಾ?" ಅಂದೆ.
ಅಷ್ಟು ವಾರಗಳಲ್ಲಿ ಅವರನ್ನು ಯಾರೂ ಕೇಳಿರಲಿಲ್ಲವೇನೋ,
ಪರೀಕ್ಷೆಯಲ್ಲಿ ಕೂತ ಹುಡುಗನ ಹಾಗೆ
ಬಹಳ ಹೊತ್ತು ಯೋಚಿಸಿದರು.

ನಿನ್ನೆ ಇಲೊಇಲೊದಿಂದ ದೋಣಿಯಲ್ಲಿ ಇಬ್ಬರು ಬಂದರು,
ಇವರ ಹಾಗೇ ಪಾಸ್ಟರುಗಳು: ಕುಂಟುವ ಅನಿಸೆಟೊ,
ಮತ್ತೆ ಲಿಬೆರ್ತಾದ್ ಎಂಬ ಗಟ್ಟಿ ಹೆಂಗಸು.
ಪ್ರಸಂಗ ತಂದಿರಲಿಲ್ಲ. ಸೊಳ್ಳೆಪರದೆ ತಂದಿದ್ದರು,
ಕಾಫಿಪುಡಿ, ಒಂದು ಜೊತೆ ಒಣ ಕಾಲುಚೀಲ.
"ಇವರು ನನ್ನ ಜನ, ಬಿಟ್ಟು ಮಲಗಲಾರೆ" ಅಂದರು ಇವರು.
"ಬಿಡಬೇಡ. ಹತ್ತು ನಿಮಿಷ ಸಾಲ ಕೊಡು" ಅಂದಳು ಆಕೆ.

ಆ ಹತ್ತು ನಿಮಿಷಕ್ಕೆ ಈಗ ಹತ್ತೊಂಬತ್ತು ಗಂಟೆ.

ಹಾಗಾಗಿ, ಅಕ್ಕಿಯ ಚೀಟಿಯೇ? ಲಿಬೆರ್ತಾದಳ ಹತ್ತಿರ ಹೋಗಿ.
ಗುಂಡಿ ತೋಡಬೇಕೇ? ಅನಿಸೆಟೊ ಕುಂಟಿದರೂ ಬರುತ್ತಾನೆ.
ದೇವರು ಎಲ್ಲಿದ್ದ ಅಂತ ಕೇಳಬೇಕೇ?
ಇಲ್ಲಿ ಕೂತುಕೊಳ್ಳಿ, ನನ್ನನ್ನು ಕೇಳಿ.
ಗೊತ್ತಿಲ್ಲ. ಕಾಫಿ ಇದೆ.

ರಾತ್ರಿ ನಿದ್ದೆಯಲ್ಲೇ "ಲೊಯ್ದಾ" ಅಂದರು.
ಆ ಮಗುವಿನ ಹೆಸರು. ಇದ್ದಿಲಿನಿಂದ ಬಾಗಿಲಿಗೆ ಬರೆದಿಟ್ಟಿದ್ದೇನೆ.

ಇನ್ನೊಂದು ಮಾತು, ನಿಮ್ಮಲ್ಲೇ ಇರಲಿ.
ಅವರ ದಿಂಬಿನ ಪಕ್ಕ
ಕಿವಿ ಮುಕ್ಕಾದ ನನ್ನ ಸಂತ ಅಂತೋನಿಯನ್ನು ಇಟ್ಟಿದ್ದೇನೆ.
ಎದ್ದು ನೋಡಿದರೆ ಕೆಂಡವಾಗುತ್ತಾರೆ.
ಆಗಲಿ.
ಅಷ್ಟು ಬೆಂಕಿ ಉಳಿದಿದೆಯೋ ಇಲ್ಲವೋ
ನನಗೆ ತಿಳಿಯಬೇಕು.

ಶ್...
ಮಗ್ಗುಲು ಬದಲಿಸಿದರು.