ಸೋಮವಾರದ ಮೂರು

ಸೂರ್ಯ ಹೋಗಿ ಹತ್ತೊಂಬತ್ತು ದಿನ.
ಫಿನ್‌ಮಾರ್ಕಿನ ಈ ಕಡಲಂಚಿನಲ್ಲಿ
ಬೆಳಗಿನ ಎಂಟೂವರೆ ಎಂದರೆ
ಗೋಡೆ ಗಡಿಯಾರ ಹೇಳಿದ ಮಾತು, ಅಷ್ಟೇ;
ಕಿಟಕಿ ಒಪ್ಪುವುದಿಲ್ಲ.

ಒಂಬತ್ತನೆಯ ತರಗತಿ. ಇಪ್ಪತ್ತೆರಡು ತಲೆ,
ಒದ್ದೆ ಉಣ್ಣೆಯ ವಾಸನೆ.
ಸೋಮವಾರದ ಮೊದಲ ಹತ್ತು ನಿಮಿಷ ನನ್ನದು.
ಪರದೆಯ ಮೇಲೆ ಐದು ದುಂಡು ಮುಖ:
ಅಳುವುದಕ್ಕೆ ಒಂದು, ಹಲ್ಲು ಕಿರಿಯುವುದಕ್ಕೆ ಐದು.
ಈ ವಾರ ಹೇಗಿದ್ದೀ? ಒತ್ತು, ಕಳಿಸು.
ಮಧ್ಯಾಹ್ನದೊಳಗೆ ಅವರೆಲ್ಲ ಬಣ್ಣದ ಕಂಬಗಳಾಗಿ
ಪುರಸಭೆಯ ಕಂಪ್ಯೂಟರಿನಲ್ಲಿ ನಿಂತಿರುತ್ತಾರೆ.

ಐಲಿಫ್ ಒತ್ತುವುದು ಮೂರು.
ಆಗಸ್ಟಿನಲ್ಲಿ ಮೂರು. ಅಪ್ಪ ದೋಣಿ ಮಾರಿದ ವಾರ ಮೂರು.
ಬಾಯಿಯ ಜಾಗದಲ್ಲಿ ಅಡ್ಡ ಗೆರೆ ಎಳೆದ ಆ ಮುಖ.
ಒಂದಕ್ಕೆ ನರ್ಸು ಓಡಿ ಬರುತ್ತಾಳೆ,
ಎರಡಕ್ಕೆ ಮನೆಗೆ ಪತ್ರ ಹೋಗುತ್ತದೆ,
ಐದಕ್ಕೆ ನಾವು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುತ್ತೇವೆ.
ಮೂರರ ಮನೆಗೆ ಯಾರೂ ಫೋನು ಮಾಡುವುದಿಲ್ಲ.
ಹುಡುಗ ಕಂಡುಕೊಂಡಿದ್ದ:
ಮೂರು ಎಂದರೆ ಒಳಗಿನಿಂದ ಹಾಕಿದ ಚಿಲಕ.

ಹಾಜರಿ ನೂರಕ್ಕೆ ತೊಂಬತ್ತೆಂಟು.
ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಟ್ರೋಮ್ಸೊದಲ್ಲಿ ನಾನು ಎರಡು ದಿನದ ತರಬೇತಿ ಪಡೆದವಳು.
ಹೌದು-ಇಲ್ಲದಲ್ಲಿ ಮುಗಿಯುವ ಪ್ರಶ್ನೆ ಕೇಳಬೇಡಿ,
ಮೌನಕ್ಕೆ ಜಾಗ ಕೊಡಿ, ಎಂದಿದ್ದರು.
ಕೊಟ್ಟೆ.
ಅವನು ಕೋಟು ಬಿಚ್ಚದೆ
ಆ ಜಾಗದಲ್ಲಿ ನಲವತ್ತು ನಿಮಿಷ ಕೂತು
ಥ್ಯಾಂಕ್ಸ್ ಹೇಳಿ ಹೋದ.

ಯಾವ ತರಬೇತಿಯೂ ಇಲ್ಲದ ಒಡ್ವಾರ್,
ಶಾಲೆಯ ನಲ್ಲಿ, ಬೀಗ, ಬಾಯ್ಲರು ನೋಡಿಕೊಳ್ಳುವವನು,
ಓಣಿಯಲ್ಲಿ ಒಂಟಿ ನಿಂತ ಹುಡುಗನಿಗೆ ಅಂದದ್ದು ಇಷ್ಟೇ:
ಬಾ, ಏಣಿ ಹಿಡಿ.

ಹಿಡಿದ.
ಮಿಣಮಿಣ ಎನ್ನುತ್ತಿದ್ದ ಟ್ಯೂಬ್‌ಲೈಟು ನೆಟ್ಟಗಾಯಿತು.
ಮರುದಿನ ಮೆಟ್ಟಿಲ ಮೇಲಿನ ಮಂಜುಗಡ್ಡೆ.
ಅದರ ಮರುದಿನ ಜಿಮ್ಮಿನ ಬಾಗಿಲ ಕೀಲು.
ಅವರ ಮಾತೆಲ್ಲ ಇಂಥದ್ದು:
ಪಾನಾ ಕೊಡು.
ಅದಲ್ಲ, ಹನ್ನೆರಡರದ್ದು.
ಹಾಂ.

ಗಣಿತದ ಬೊರ್ಗ್‌ಹಿಲ್ ದೂರು ತಂದಳು:
ಭಿನ್ನರಾಶಿ ಪೂರ್ತಿ ತಪ್ಪಿಹೋಯಿತು ಅವನಿಗೆ.
ಮೀಟಿಂಗು ನಡೆಯಿತು, ಕಾಫಿ ಆರಿತು, ಏನೂ ತೀರ್ಮಾನವಾಗಲಿಲ್ಲ.
ಮುಂದಿನ ವಾರ ಅವಳೇ ಬಂದು
ತನ್ನ ಕೋಣೆಯ ಉರಿಯದ ದೀಪ ತೋರಿಸಿ
'ಇದೂ ಸ್ವಲ್ಪ' ಅಂದಳು.
ಒಡ್ವಾರನಿಗಲ್ಲ. ಹುಡುಗನಿಗೆ.

ಜನವರಿಯ ಎರಡನೆಯ ಸೋಮವಾರ
ಐಲಿಫನ ಹೆಸರಿನ ಮುಂದೆ: ಎರಡು.
ಕನ್ನಡಕ ಒರೆಸಿ ಮತ್ತೆ ನೋಡಿದೆ.
ಸಂತೋಷಪಡಬೇಕೋ ಗಾಬರಿಯಾಗಬೇಕೋ
ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ.
ಪತ್ರ ಕಳಿಸುವ ಮೊದಲು ಬಾಯ್ಲರು ಕೋಣೆಗಿಳಿದೆ.
ಬಿಸ್ಕತ್ತಿನ ಡಬ್ಬಿಗಳಲ್ಲಿ ಸ್ಕ್ರೂಗಳನ್ನು
ಗಾತ್ರ ನೋಡಿ ಹಾಕುತ್ತಿದ್ದ. ಕೋಟು ಮೊಳೆಗೆ ನೇತಾಡುತ್ತಿತ್ತು.

'ಎರಡು ಒತ್ತಿದ್ದೀ.'
'ಹೂಂ.'
ಒಂದು ಸ್ಕ್ರೂ. ಇನ್ನೊಂದು.
'ಒಂದೂವರೆ ಇರಲಿಲ್ಲ.'

ಆಮೇಲೆ, ತಲೆ ಎತ್ತದೆಯೇ:
ಅಪ್ಪ ಬೂಟು ಹಾಕಿಕೊಂಡೇ ಸೋಫಾದಲ್ಲಿ ಮಲಗುತ್ತಾನೆ.
ಎದ್ದರೆ ಬಂದರಿಗೆ ಹೋಗಿ
ಬೇರೆಯವರ ದೋಣಿ ನೋಡಿಕೊಂಡು ಬರುತ್ತಾನೆ.
ಎಚ್ಚರ ಇದ್ದಾನೋ ನಿದ್ದೆಯೋ ಅಂತ
ರಾತ್ರಿ ಮೂರು ಸಲ ಏಳುತ್ತೇನೆ.

ಮೂರು ಸಲ, ಅಂದ.

ಪತ್ರ ಕಳಿಸಲಿಲ್ಲ; ನರ್ಸನ್ನು ಕರೆದುಕೊಂಡು
ಆ ಸಂಜೆ ನಾನೇ ಅವರ ಬಾಗಿಲು ತಟ್ಟಿದೆ.
ಅಲ್ಲಿ ಏನು ನಡೆಯಿತೆಂದು ಇಲ್ಲಿ ಬರೆಯುವುದಿಲ್ಲ.
ಪುರಸಭೆಯಿಂದ ಮೇಲ್ ಬಂತು:
ನಿಮ್ಮ ತರಗತಿಯ ಸರಾಸರಿ ಕುಸಿದಿದೆ, ಕಾರಣ ತಿಳಿಸಿ.
ಒಬ್ಬ ನಿಜ ಹೇಳಿದ, ಎಂದು ಟೈಪು ಮಾಡಿ
ಅಳಿಸಿ
ಮತ್ತೆ ಟೈಪು ಮಾಡಿದೆ.

ಸೂರ್ಯ ಮರಳಬೇಕಿದ್ದ ದಿನ ಮೋಡ.
ಬಂದದ್ದು ಬನ್ನುಗಳು ಮಾತ್ರ, ಪ್ರತಿ ವರ್ಷದಂತೆ,
ಒಳಗೆ ಜಾಮು, ಮೇಲೆ ಸಕ್ಕರೆ.
ಅಂಗಳದಲ್ಲಿ ಮಕ್ಕಳು ಇಲ್ಲದ ಸೂರ್ಯನಿಗೇ ಕೂಗು ಹಾಕಿದರು.
ಐಲಿಫ್ ತಟ್ಟೆಯಿಂದ ಎರಡೆತ್ತಿಕೊಂಡ.
ಒಂದನ್ನು ಅಲ್ಲೇ ತಿಂದ.
ಇನ್ನೊಂದನ್ನು ಕಾಗದದಲ್ಲಿ ಸುತ್ತಿ,
ಜಾಮು ಸೋರದ ಹಾಗೆ ನೆಟ್ಟಗೆ ಹಿಡಿದು,
ಜಾರುವ ಇಳಿಜಾರಿನಲ್ಲಿ ಮೆಲ್ಲಗೆ
ಮನೆಯ ಕಡೆ ನಡೆದ.