ಹದಿನಾಲ್ಕನೆಯ ಪ್ರಶ್ನೆ

ಲಿಯೆಪಾಯಾ ಊರಿನ ಅಂಚು. ಟ್ರಾಮಿನ ಹಳಿ ಮುಗಿದ ಮೇಲೂ
ಹತ್ತು ನಿಮಿಷ ನಡೆಯಬೇಕು ನಮ್ಮಲ್ಲಿಗೆ.
ನಡೆಯಲಿ ಬಿಡು, ಎನ್ನುತ್ತಾಳೆ ವೆಲ್ಟಾ,
ಸಮುದ್ರದ ಗಾಳಿಗೆ ಅರ್ಧ ಆಸೆ ಹಾರಿಹೋಗುತ್ತದೆ,
ಉಳಿದರ್ಧ ಹೊತ್ತು ಬಂದವರ ಜೊತೆ ಮಾತಾಡೋಣ.

ಅರ್ಜಿಯಲ್ಲಿ ಹದಿನೇಳು ಪ್ರಶ್ನೆ.
ಬೇಲಿ ಎಷ್ಟೆತ್ತರ, ಮನೆ ಬಾಡಿಗೆಯೋ ಸ್ವಂತವೋ,
ಹಗಲಲ್ಲಿ ಯಾರಿರುತ್ತಾರೆ, ಬೆಕ್ಕಿದೆಯೇ.
ವೆಲ್ಟಾ ಕನ್ನಡಕ ಏರಿಸಿ ನೇರ ಹದಿನಾಲ್ಕಕ್ಕೆ ಹೋಗುತ್ತಾಳೆ:
ಯಾವ ಕಾರಣಕ್ಕೆ ನೀವು ಇದನ್ನು ಹಿಂದಕ್ಕೆ ತಂದೀರಿ?

ಎಲ್ಲರದೂ ಒಂದೇ ಉತ್ತರ: ಎಂದೆಂದಿಗೂ ಇಲ್ಲ.
ಕೆಲವರು ಅಡಿಗೆರೆ ಎಳೆಯುತ್ತಾರೆ,
ಸಂದಾ ಎಂಬಾಕೆ ಪಕ್ಕದಲ್ಲಿ ಪುಟ್ಟ ಹೃದಯ ಬಿಡಿಸಿದ್ದಳು.

ಅವಳು ಒಯ್ದದ್ದು ರುಟ್ಕ್ಸ್‌ನನ್ನು. ಇಲ್ಲಿಯ ಮಾತಲ್ಲಿ ಮೂಲಂಗಿ.
ಮೂಲಂಗಿ ಪೆಟ್ಟಿಗೆಯಲ್ಲಿ ಗೇಟಿನ ಮುಂದೆ ಸಿಕ್ಕವನು,
ಒಂದು ಕಿವಿ ನೆಟ್ಟಗೆ, ಇನ್ನೊಂದಕ್ಕೆ ಆ ಹಟವಿಲ್ಲ.
ಒಂಬತ್ತನೆಯ ದಿನ ಬಾಗಿಲಲ್ಲಿ ನಿಂತಿದ್ದಳು, ಹಗ್ಗ ಚಾಚಿ,
'ಸೋಫಾ ತಿಂದುಬಿಟ್ಟ, ಕೆಳಮನೆಯವರು ದಿನಾ...'
ಮುಂದಿನದು ಗಂಟಲಲ್ಲೇ ಉಳಿಯಿತು.

ನನ್ನ ನಾಲಿಗೆ ತುದಿಗೆ ಬಂದಿತ್ತು ಖಾರದ ಮಾತು.
ವೆಲ್ಟಾ ಮೇಜಿನಡಿ ನನ್ನ ಕಾಲು ತುಳಿದಳು.
ಬೈಗುಳದ ಬದಲು ಬಿಸ್ಕತ್ತು, ಜೊತೆಗೆ ಚಹಾ,
ಏನೇನು ತಿಂದ, ಯಾವ ಹೊತ್ತಿಗೆ ಅಳುತ್ತಿದ್ದ,
ಎಲ್ಲ ಕೇಳಿ ಬರೆದುಕೊಂಡಳು.
ಸಂದಾ ಹೋದ ಮೇಲೆ ಹೇಳಿದ್ದಿಷ್ಟೇ:
'ಇವತ್ತು ನಾಚಿಸಿ ಕಳಿಸಿದೆವೋ,
ನಾಳೆ ಇಂಥವರು ನಮ್ಮ ಗೇಟಿಗೆ ಬರುವುದಿಲ್ಲ, ಹುಡುಗಿ.
ಪೈನ್ ಕಾಡಿಗೆ ಹೋಗುತ್ತಾರೆ. ಕಾರಿನ ಬಾಗಿಲು ತೆರೆಯುತ್ತಾರೆ.'

ಆಮೇಲೆ ಬಂದ ಗುನ್ವಾಲ್ಡಿಸ್, ಟ್ರಾಮು ಓಡಿಸುವವನು.
ನಾಲ್ಕು ಶನಿವಾರ ನಾಯಿಯ ಜೊತೆ ಬರೀ ನಡೆದ,
ಮರಳು ದಿಬ್ಬದ ತನಕ, ಮಾತಿಲ್ಲ ಕತೆಯಿಲ್ಲ.
ಐದನೆಯದಕ್ಕೆ ಮಗಳನ್ನು ಕರೆತಂದ
ಅವಳಿಗೆ ಸೀನು ಬರುವುದೋ ನೋಡಲು.
ಹದಿನಾಲ್ಕರ ಜಾಗ ಅವನಿಗೆ ಸಾಲಲಿಲ್ಲ, ಹಾಳೆ ತಿರುಗಿಸಿ ಬರೆದ:
ನಾನು ಕಾಯಿಲೆ ಬಿದ್ದರೆ. ಲೈಮಾಳ ಉಸಿರು ಕಟ್ಟಿದರೆ.
ಮೊದಲು ಗ್ರೊಬಿನ್ಯದ ತಂಗಿಯನ್ನು ಕೇಳುವೆ,
ಅವಳೂ ಒಲ್ಲೆನೆಂದರೆ ನಿಮಗೆ ಫೋನು.
ನನಗೆ ಹೆದರಿಕೆಯಿದೆ.

ವೆಲ್ಟಾ ಎರಡು ಸಲ ಓದಿ ಮುದ್ರೆ ಒತ್ತಿದಳು.
ಒಗೆಯದ ಕಂಬಳಿಯನ್ನೇ ಕಟ್ಟಿಕೊಟ್ಟೆವು,
ಹೊಸ ಮನೆಯಲ್ಲಿ ಹಳೆಯದೊಂದು ವಾಸನೆ ಇರಲೆಂದು.
ಒಂಬತ್ತನೆಯ ಗೂಡು ತೊಳೆದೆ. ಹಲಗೆಯ ಮೇಲಿನ ಹೆಸರು ಮಾತ್ರ
ಅಳಿಸಲಿಲ್ಲ. ಬರೀ ಸೀಮೆಸುಣ್ಣ. ಬಟ್ಟೆ ಕೈಯಲ್ಲೇ ಇತ್ತು.

ಮೂರನೆಯ ವಾರ, ರಾತ್ರಿ ಹತ್ತರ ಮೇಲೆ ಫೋನು.
ಗುನ್ವಾಲ್ಡಿಸನ ದನಿ: 'ಸೋಫಾ...'
ಪೆನ್ಸಿಲ್ ಎತ್ತಿ ತಾರೀಖು ಬರೆದೆ.
'ಅರ್ಧ ತಿಂದಿದ್ದಾನೆ. ಒಳಗಿನ ಸ್ಪಂಜು
ಹೊಟ್ಟೆಗೆ ಹೋದರೆ ಏನಾದರೂ ಆದೀತೇ?
ಲೈಮಾ ಇನ್ನೂ ಮಲಗಿಲ್ಲ, ಕೇಳುತ್ತಿದ್ದಾಳೆ.'