ಸೀಸದ ಗುಂಡು

ಮಾಸ್ಟ್ರ ಮುಖ ನಾನು ನೋಡಿದ್ದು ಕಡಿಮೆ.
ಅವರು ಆರ್ಗನ್ನಿನ ಆಚೆ, ನಾನು ಈಚೆ,
ನಡುವೆ ಮಾಡು ಮುಟ್ಟುವ ಕೊಳವೆಗಳ ಸಾಲು.
ನನ್ನ ಪಾಲಿಗೆ ಒಂದು ತಿದಿ, ಒಂದು ಮರದ ಹಿಡಿ,
ನೂಲಿನಲ್ಲಿ ತೂಗುವ ಸೀಸದ ಗುಂಡು,
ಗೋಡೆಯ ಮೇಲೆ ಪೆನ್ಸಿಲಿನ ಎರಡು ಗೆರೆ.
ಗಾಳಿ ತುಂಬಿದರೆ ಗುಂಡು ಇಳಿಯುತ್ತದೆ,
ಬರಿದಾದರೆ ಏರುತ್ತದೆ.
ಮೇಲಿನ ಗೆರೆ ಮುಟ್ಟಿತೋ,
ಇಡೀ ಸಭೆಯೆದುರು ಬೆನೋನಿ ಕರ್ಕಡರ ಮಾನ ಹೋಯಿತು.

‘ಗಾಳಿ ಕೊರ್ಲ, ತನಿಯಾ’ ಎಂದು ತುಳುವಿನಲ್ಲಿ ಕೂಗುವರು,
ಆಮೇಲೆ ಕನ್ನಡದಲ್ಲಿ ಗೀತೆಯ ನಂಬರು,
ಆಮೇಲೆ ಜರ್ಮನಿಯಲ್ಲಿ ಎಂದೋ ತೀರಿಕೊಂಡ ಯಾರದೋ ಸಂಗೀತ.

ಅಪ್ಪ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವ.
ಮಾಸ್ಟ್ರು ಅಲ್ಲೇ ಗುಮಾಸ್ತ;
ಆರು ದಿನ ಒಡೆದ ಹೆಂಚಿನ ಲೆಕ್ಕ ಬರೆದ ಬೆರಳು
ಏಳನೆಯ ದಿನ ಬಿಳಿ ಕರಿಯ ಮೇಲೆ.
ನಮ್ಮ ದೈವ ಬೇರೆ, ಅಮ್ಮ ಹೆದರಿದಳು.
‘ಹುಡುಗನ ತೋಳು ಸಾಕು, ಬೇರೇನೂ ಬೇಡ’ ಎಂದರು.
ವಾರಕ್ಕೆ ಎಂಟಾಣೆ.

ಯಾವ ಗೀತೆ ಎಷ್ಟು ಗಾಳಿ ತಿನ್ನುತ್ತದೆ, ತೋಳಿಗೆ ಗೊತ್ತು.
ಶುಭ ಶುಕ್ರವಾರ ಗಂಜಿಯೂಟ,
ಈಸ್ಟರು ಬಕಾಸುರ.
ಮದುಮಗಳು ತಡವಾಗಿ ಬಂದ ದಿನ
ನನ್ನ ಬೆನ್ನಿಗೇ ಮದುವೆ.
ಆಟಿಯಲ್ಲಿ ಮರ ಉಬ್ಬಿ ಒಂದೇ ಸ್ವರ ಅಂಟಿಕೊಂಡು
ಪಾದ್ರಿಗಳ ಪ್ರಸಂಗದ ನಡುವೆಯೂ ಅಳುತ್ತಿತ್ತು.
ಇಲಿ ತಿದಿ ಕಡಿದರೆ
ಬಂದರಿನಿಂದ ಆಡಿನ ತೊಗಲು ತಂದು,
ವಜ್ರ ಕಾಯಿಸಿ ಅಂಟಿಸಿ,
ಶನಿವಾರ ರಾತ್ರಿಯಿಡೀ ಕಲ್ಲು ಹೇರಿ ಇಡುತ್ತಿದ್ದೆವು.

ಗಾಯನ ತಂಡ ಕಟ್ಟಿದರು, ಮೂರು ಸಲ.
ಟೆನರುಗಳೆಲ್ಲ ಒಬ್ಬೊಬ್ಬರಾಗಿ ಕುವೈತಿಗೆ.
ಕೊನೆಗೆ ಟೆನರನ್ನೂ ಹೆಂಗಸರೇ ಹಾಡಿದರು,
ರೋಡಾಬಾಯಿ ಮೀಸೆಯಿಲ್ಲದ ಗಂಡಸಿನಂತೆ ಮುಂದೆ ನಿಂತು.

ಬೊಂಬಾಯಿಗೆ ಹೋದರು, ಕಲ್ಕತ್ತೆಗೆ ಹೋದರು,
ಒಂದು ಚಳಿಗಾಲ ಹಡಗು ಹತ್ತಿ ಬಾಸೆಲಿಗೂ.
ಪೇಪರಿನ ತುಂಡು ತಂದು ತೋರಿಸಿದರು:
ಅದರಲ್ಲೂ ಅವರ ಬೆನ್ನು ಮಾತ್ರ.
ಅಲ್ಲೇ ಇರಿ ಎಂದಿದ್ದರಂತೆ.
ಮತ್ತೆ ಬಂದದ್ದೇಕೆ?
‘ಅಲ್ಲಿ ಮೋಟಾರಿನ ಗಾಳಿ ಮಾರಾಯ,
ದಣಿಯುವುದೇ ಇಲ್ಲ. ದಣಿಯದವನ ಜತೆ ನುಡಿಸುವುದು ಹೇಗೆ?’
ಸುಳ್ಳಿರಬೇಕು. ನಾನು ನಂಬಿದೆ.

ಎಪ್ಪತ್ತೆರಡರಲ್ಲಿ ಇಲ್ಲಿಗೂ ಮೋಟಾರು ಬಂತು.
ನಾನು ಬಂದರಿನ ಐಸ್ ಕಾರ್ಖಾನೆಗೆ ಸೇರಿದೆ.
ಹತ್ತೊಂಬತ್ತು ವರ್ಷ ಮೀನಿಗೆ ಮಂಜು ಕುಟ್ಟಿದೆ.
ಭಾನುವಾರ ಚರ್ಚಿನ ದಾರಿ ಬಿಟ್ಟು
ಸುತ್ತು ಬಳಸಿ ಪೇಟೆಗೆ ಹೋಗುತ್ತಿದ್ದೆ, ಯಾಕೋ.

ಒಂದು ದಿನ ಹೇಳಿಕಳುಹಿಸಿದರು.
ಅವರ ಕಡೆಯ ಕಚೇರಿಯಂತೆ, ಕೈ ನಡುಗುತ್ತದಂತೆ.
‘ಮೋಟಾರು ಗುಂಯ್ ಅನ್ನುತ್ತದೆ,
ಮೆಲ್ಲಗಿನದು ಯಾರಿಗೂ ಕೇಳುವುದಿಲ್ಲ. ನೀನು ಬಾ.’
ಹೋದೆ, ಸೊಂಟಕ್ಕೆ ಬೆಲ್ಟು ಬಿಗಿದು.
ಗುಂಡು ಅಲ್ಲೇ ಇತ್ತು.
ಸುಣ್ಣ ಬಳಿದು ಗೆರೆ ಅಳಿಸಿದ್ದರು;
ಉಗುರಿನಲ್ಲಿ ಗೀರಿಕೊಂಡೆ, ಅಂದಾಜಿಗೆ.

ಒಂದೂವರೆ ಗಂಟೆ. ಗುಂಡು ಇಳಿದು, ಏರಿ, ಇಳಿದು,
ಆಚೆಯ ಬೆರಳು ತಡವರಿಸಿದಲ್ಲಿ
ನಾನು ಹಿಡಿಯನ್ನು ಸ್ವಲ್ಪ ತಡೆದು,
ತಪ್ಪೂ ಒಂದು ಉಸಿರಿನಂತೆ ಕೇಳಲೆಂದು.

ಕೊನೆಯ ಸ್ವರಗಳ ಮೇಲೆ ಕೈಯಿಟ್ಟು ಕೂಗಿದರು:
‘ಯಾವು, ತನಿಯಾ.’
ಸಾಕೆಂದದ್ದು ನನಗೆ. ತಮಗಲ್ಲ.
ನಾನು ಕೈಬಿಟ್ಟೆ, ಅವರು ಬೆರಳೆತ್ತಲಿಲ್ಲ.
ಗುಂಡು ಏರಿತು. ಗೆರೆ ಮುಟ್ಟಿತು. ದಾಟಿತು.
ನಲವತ್ತು ವರ್ಷ ನಾನು ದಾಟಲು ಬಿಡದ ಗೆರೆ.
ಸ್ವರ ಕುಸಿಯಿತು, ಸೊಟ್ಟಗಾಯಿತು,
ದಪ್ಪ ಕೊಳವೆಯೊಂದು ಮುದಿ ಎಮ್ಮೆಯಂತೆ ಮುಕ್ಕರಿಸಿ
ಸುಮ್ಮನಾಯಿತು.
ಮುಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು,
ತಪ್ಪಾಯಿತೆಂದುಕೊಂಡಿರಬೇಕು.

ಚಪ್ಪಾಳೆಗೂ ಮೊದಲು ನಾನು ಸುತ್ತಿ ಆಚೆ ಬಂದೆ.
ಕೈ ಇನ್ನೂ ಒತ್ತಿಯೇ ಇತ್ತು, ಸದ್ದಿಲ್ಲದೆ.
ಹಸ್ತಪತ್ರಿಕೆಯಲ್ಲಿ ಮೋಟಾರು ದಾನ ಮಾಡಿದವರ ಹೆಸರಿತ್ತು.
ಮಾಸ್ಟ್ರು ತಿರುಗಿದರು,
ಕೋಟಿನ ಜೇಬಿನಲ್ಲಿ ಚಿಲ್ಲರೆ ಹುಡುಕತೊಡಗಿದರು.